ಬಾಗಿಲಿಗೆ ಅಡ್ಡವಿಟ್ಟಿದ್ದ ಸಿಲಿಂಡರ್ ತೆಗೆದ ಬಗ್ಗೆ

ಇಂದ:
ಮಾರುಕಟ್ಟೆ ರಸ್ತೆಯವರೆಲ್ಲ ಡಬ್ಬಿ ಅಕ್ಕ ಎಂದು ಕರೆಯುವ ನಾನು,
ಬೆಂಕಿ ಆರಿಸುವ ಸಿಲಿಂಡರುಗಳ ತಪಾಸಣೆ ಮತ್ತು ಮರುಭರ್ತಿ ಅಂಗಡಿ,
ಟೈರ್ ಅಂಗಡಿಯ ಹಿಂಭಾಗ.
ತರಬೇತಿ ಕ್ರಮಸಂಖ್ಯೆ: 24

ಗೆ:
ಮಾನ್ಯ ಅಧ್ಯಕ್ಷರು ಮತ್ತು ಹತ್ತು ಮಂದಿ ಸದಸ್ಯರು,
ಮಾನದಂಡ ಮತ್ತು ತರಬೇತಿ ಸಮಿತಿ,
ಅಗ್ನಿರಕ್ಷಣಾ ಉದ್ದಿಮೆದಾರರ ಸಂಘ,
ಮೂರನೇ ಮಹಡಿ, ಸಭಾಕೊಠಡಿ.

ವಿಷಯ: ತಡೆಹಿಡಿದಿರುವ ನನ್ನ ಅರ್ಹತಾ ಪ್ರಮಾಣಪತ್ರವನ್ನು ಬಿಡುಗಡೆ ಮಾಡುವ ಕುರಿತು, ಹಾಗೂ ಸಮಿತಿಯನ್ನು ಕೂಡಿಹಾಕಿದ್ದು ನಾನಲ್ಲ, ಬಾಗಿಲು ಎಂಬುದರ ಕುರಿತು.

ಉಲ್ಲೇಖ:
1. ‘ನಡತೆಯ ಕಾರಣ’ ಎಂಬ ತಲೆಬರಹದ ತಮ್ಮ ಪತ್ರ.
2. ಸಂಘವೇ ಪ್ರಕಟಿಸಿದ ಮಾನದಂಡ ಪುಸ್ತಕ, ಏಳನೇ ಅಧ್ಯಾಯ.
3. ಸದರಿ ಬಾಗಿಲು.

ಮಾನ್ಯರೇ,

ತಾವು ಹನ್ನೊಂದು ಮಂದಿಯೂ ಆರಾಮವಾಗಿದ್ದೀರಿ, ಸೊಂಟ ಹಿಡಿದುಕೊಂಡಿದ್ದ ಸದಸ್ಯರು ಈಗ ನೆಟ್ಟಗೆ ನಡೆಯುತ್ತಿದ್ದಾರೆ ಎಂದು ಸಂಘದ ಸ್ವಾಗತದ ಮೇಜಿನ ಹುಡುಗಿಯಿಂದ ತಿಳಿಯಿತು. ಆ ಸಮಾಧಾನದಿಂದಲೇ ಈ ಅರ್ಜಿ ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಎಂದರೆ ಹೇಳುತ್ತಿದ್ದೇನೆ, ಟೈಪು ಮಾಡುತ್ತಿರುವವಳು ನನ್ನ ಸೊಸೆ. ಅವಳು ಶಾಲೆಯಲ್ಲಿ ಟೀಚರು. ಆದ್ದರಿಂದ ‘ಸದರಿ’, ‘ತತ್ಸಂಬಂಧ’ ಮುಂತಾದವು ಅವಳವು, ಉಳಿದದ್ದು ನನ್ನದು.

ಉಲ್ಲೇಖ ಒಂದರಲ್ಲಿ ತಾವು, ‘ಅಭ್ಯರ್ಥಿಯು ಲಿಖಿತ ಮತ್ತು ಪ್ರಾಯೋಗಿಕ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದ್ದರೂ, ಸಮಿತಿಯನ್ನು ಒಂದು ಗಂಟೆ ಐವತ್ತು ನಿಮಿಷ ಕೂಡಿಹಾಕಿದ ನಡತೆಯ ಕಾರಣ ಪ್ರಮಾಣಪತ್ರವನ್ನು ತಡೆಹಿಡಿಯಲಾಗಿದೆ, ಹದಿನೈದು ದಿನಗಳೊಳಗೆ ವಿವರಣೆ ಸಲ್ಲಿಸತಕ್ಕದ್ದು’ ಎಂದಿದ್ದೀರಿ. ಕಾರಣ, ವಿವರಣೆ ಈ ಕೆಳಗಿನಂತಿದೆ.

1. ನಾನು ಇಪ್ಪತ್ತಾರು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಮಾವನವರಿಂದ ಕಲಿತದ್ದು. ಒಂದು ಶಾಲೆ, ಎರಡು ನರ್ಸಿಂಗ್ ಹೋಂ, ಒಂದು ಬೇಕರಿ, ಒಂದು ಸಿನಿಮಾ ಮಂದಿರ, ಒಂದು ಉಡುಪು ಕಾರ್ಖಾನೆ ಸೇರಿ ಮುನ್ನೂರ ನಲವತ್ತು ಸಿಲಿಂಡರುಗಳು ನನ್ನ ಸುಪರ್ದಿನಲ್ಲಿವೆ. ಪ್ರತಿಯೊಂದನ್ನೂ ಗೋಡೆಯಿಂದ ಇಳಿಸಿ, ತೂಗಿ, ತಲೆಕೆಳಗು ಮಾಡಿ, ಒಳಗಿನ ಪುಡಿ ಸಡಿಲವಾಗಿ ಜಾರುವ ಸದ್ದು ಕೇಳಿದ ಮೇಲೆಯೇ ಕೊರಳಿನ ಚೀಟಿಗೆ ಸಹಿ ಹಾಕುತ್ತೇನೆ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಸಂಘದ ಪ್ರಮಾಣಪತ್ರ ಇಲ್ಲದವರು ಚೀಟಿಗೆ ಸಹಿ ಹಾಕುವಂತಿಲ್ಲ ಎಂದು ತಾವೇ ನಿಯಮ ಮಾಡಿದ್ದೀರಿ. ಒಳ್ಳೆಯ ನಿಯಮ. ಸಿಲಿಂಡರನ್ನು ಮುಟ್ಟದೆ, ಬಾಗಿಲಲ್ಲೇ ನಿಂತು, ಒಂದು ಕಟ್ಟು ಚೀಟಿಗೆ ಒಟ್ಟಿಗೆ ಸಹಿ ಗೀಚುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥವರು ನಿಲ್ಲಲಿ ಎಂದೇ ನಾನೂ ತರಬೇತಿಗೆ ಹೆಸರು ಕೊಟ್ಟೆ. ಈಗ ನೋಡಿದರೆ ನಿಲ್ಲುವವಳು ನಾನೇ ಆಗಿದ್ದೇನೆ.

2. ತರಬೇತಿಯ ಬಗ್ಗೆ ನನ್ನದು ಯಾವ ದೂರೂ ಇಲ್ಲ. ಐದು ದಿನವೂ ಮುಂದಿನ ಬೆಂಚಿನಲ್ಲಿ ಕುಳಿತೆ. ತರಬೇತುದಾರರು ನನ್ನ ಮಗನ ವಯಸ್ಸಿನವರು, ತಾಳ್ಮೆ ಮಾತ್ರ ಅಜ್ಜನದು. ಮೊದಲ ದಿನ ಕೇಳಿದರು:

“ಬೆಂಕಿ ಅಂತ ಗೊತ್ತಾದ ತಕ್ಷಣ ಮೊದಲು ಏನು ಮಾಡ್ತೀರಮ್ಮಾ?”

“ಏನು ಉರೀತಿದೆ ಅಂತ ಮೂಸಿ ನೋಡ್ತೀನಿ. ರಬ್ಬರ್ರಾ, ಬಟ್ಟೆಯಾ, ಎಣ್ಣೆಯಾ...”

“ಪುಸ್ತಕದಲ್ಲಿ ‘ಎಚ್ಚರಿಕೆ ಗಂಟೆ ಬಾರಿಸತಕ್ಕದ್ದು’ ಅಂತಿದೆ.”

“ಬಾರಿಸ್ತಾನೇ ಮೂಸಬಹುದಲ್ಲ ಸಾರ್. ಕೈ ಬೇರೆ, ಮೂಗು ಬೇರೆ.”

ಅರ್ಧ ಅಂಕ ಕೊಟ್ಟರು. ಆದರೆ ಎರಡನೇ ದಿನ ಅಂಗಳದಲ್ಲಿ ಎಣ್ಣೆ ಸುರಿದ ಅಗಲ ತಟ್ಟೆಗೆ ಬೆಂಕಿ ಹಚ್ಚಿ, ನನ್ನ ಭುಜ ಹಿಡಿದು ತಿರುಗಿಸಿ ನಿಲ್ಲಿಸಿದರು. “ಹೊರಗೆ ಹೋಗೋ ದಾರಿ ಯಾವಾಗಲೂ ನಿಮ್ಮ ಬೆನ್ನ ಹಿಂದೆ ಇರಬೇಕು. ಆರಿಸೋಕೆ ಆಗದಿದ್ರೆ ಓಡೋಕೆ ದಾರಿ ಬೇಡ್ವಾ?” ಎಂದರು. ಇಪ್ಪತ್ತಾರು ವರ್ಷದಲ್ಲಿ ನಾನು ಅದನ್ನು ಯೋಚಿಸಿರಲಿಲ್ಲ. ಎಲ್ಲಿ ಸಿಲಿಂಡರ್ ಸಿಕ್ಕಿತೋ ಅಲ್ಲೇ ನಿಂತು ಹೊಡೆಯುತ್ತಿದ್ದೆ. ಅಂದು ಮನೆಗೆ ಹೋಗಿ ಒಲೆಯ ಮುಂದೆಯೂ ಹಾಗೇ ನಿಂತು ಅಭ್ಯಾಸ ಮಾಡಿದೆ. ಆದ್ದರಿಂದ ಈ ತರಬೇತಿಯಿಂದ ಏನೂ ಕಲಿಯಲಿಲ್ಲ ಎಂದು ನಾನು ಎಲ್ಲೂ ಹೇಳಿಲ್ಲ, ಹೇಳುವುದೂ ಇಲ್ಲ.

3. ನಾಲ್ಕನೇ ದಿನದ ಪ್ರಾಯೋಗಿಕ ಪರೀಕ್ಷೆ ಹೀಗಿತ್ತು: ‘ಅಭ್ಯರ್ಥಿಯು ಸಂಘದ ಕಟ್ಟಡದಲ್ಲಿರುವ ಯಾವುದಾದರೂ ಒಂದು ಸಿಲಿಂಡರನ್ನು ಆರಿಸಿಕೊಂಡು ಏಳನೇ ಅಧ್ಯಾಯದಂತೆ ಪರಿಶೀಲಿಸತಕ್ಕದ್ದು. ದೋಷ ಕಂಡಲ್ಲಿ ತಕ್ಷಣ ಸೇವೆಯಿಂದ ಹಿಂತೆಗೆದು, ಕೆಂಪು ಚೀಟಿ ಕಟ್ಟಿ, ದಾಸ್ತಾನು ಕೊಠಡಿಗೆ ಒಪ್ಪಿಸಿ, ಬದಲಿ ಸಿಲಿಂಡರ್ ಅಳವಡಿಸತಕ್ಕದ್ದು.’ ಜೊತೆಯವರೆಲ್ಲ ಕೆಳಗಿನ ಮೊಗಸಾಲೆಯಲ್ಲಿ ಪಳಪಳ ಹೊಳೆಯುವಂಥವನ್ನು ಹಿಡಿದುಕೊಂಡರು. ನನ್ನ ಸರದಿ ಬಂದದ್ದು ಊಟದ ನಂತರ. ಉಳಿದದ್ದು ಹುಡುಕುತ್ತಾ ಮೆಟ್ಟಿಲು ಹತ್ತಿದೆ. ಮೂರನೇ ಮಹಡಿಯಲ್ಲಿ ತಮ್ಮ ಸಭಾಕೊಠಡಿಯ ಬಾಗಿಲು ತೆರೆದಿತ್ತು. ಅದು ಬೆಂಕಿತಡೆ ಬಾಗಿಲು, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುವಂಥದ್ದು. ಮುಚ್ಚಿಕೊಳ್ಳದಂತೆ ಒಂದು ಸಿಲಿಂಡರನ್ನು ಅದಕ್ಕೆ ಅಡ್ಡ ಇಟ್ಟಿದ್ದರು.

4. ನಾನು ಮಂಡಿಯೂರಿ ಪರಿಶೀಲಿಸಿದೆ. ಒತ್ತಡದ ಮುಳ್ಳು ಸೊನ್ನೆಯಲ್ಲಿತ್ತು. ಮೂತಿಯ ರಬ್ಬರ್ ಒಡೆದು ಅದರೊಳಗೆ ಜೇಡವೊಂದು ಸಂಸಾರ ಹೂಡಿತ್ತು. ಚೀಟಿ ಏಳು ವರ್ಷ ಹಳೆಯದು. ತಲೆಕೆಳಗು ಮಾಡಿದಾಗ ಪುಡಿ ಜಾರಲಿಲ್ಲ, ಒಳಗೇ ಗಟ್ಟಿಯಾಗಿ ಗುಂಡುಕಲ್ಲಿನಂತೆ ಕುಳಿತಿತ್ತು. ಬಾಗಿಲು ತಡೆಯುವುದಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ಸಿಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಬೆಂಕಿ ಆರಿಸುವುದಕ್ಕೆ ಮಾತ್ರ ಬರುವಂತಿರಲಿಲ್ಲ. ಅಲ್ಲದೆ ಪುಸ್ತಕದ 7.6ರಲ್ಲಿ, ‘ಸಿಲಿಂಡರನ್ನು ಬಾಗಿಲು ತಡೆಯಲು ಎಂದಿಗೂ ಬಳಸಕೂಡದು’ ಎಂದು ದಪ್ಪಕ್ಷರದಲ್ಲಿದೆ. ಸದರಿ ಸಾಲಿನ ಕೆಳಗೆ ಎರಡು ಗೆರೆ ಸಹ ಎಳೆದಿದೆ.

5. ಹೇಳದೆ ಕೇಳದೆ ತೆಗೆದೆ ಎಂಬ ಆಪಾದನೆ ತಪ್ಪು. ಒಳಗೆ ತಲೆ ಹಾಕಿದೆ. ತುರ್ತು ನಿರ್ಗಮನದ ಬಾಗಿಲುಗಳ ಕರಡಿನ ಮೇಲೆ ಚರ್ಚೆ ನಡೆಯುತ್ತಿತ್ತು. ಹನ್ನೊಂದು ತಲೆಗಳೂ ಕಾಗದದ ಮೇಲೆ ಬಾಗಿದ್ದವು.

“ಸಾರ್, ಇದನ್ನ ತೆಗೀತಾ ಇದ್ದೀನಿ,” ಎಂದೆ.

ಅಧ್ಯಕ್ಷರು ತಲೆ ಎತ್ತಲಿಲ್ಲ. “ತಗೊಂಡು ಹೋಗಮ್ಮಾ, ತಗೊಂಡು ಹೋಗು,” ಎಂದು ಕೈಯಾಡಿಸಿದರು. ನನ್ನನ್ನು ಚಹಾ ಲೋಟ ಎತ್ತಲು ಬಂದವಳು ಎಂದುಕೊಂಡಿರಬೇಕು. ಅದಕ್ಕೆ ನನಗೆ ಬೇಸರವಿಲ್ಲ, ಚಹಾ ಲೋಟ ಎತ್ತುವುದೂ ಕೆಲಸವೇ. ಆದರೆ ಅಪ್ಪಣೆ ಅಪ್ಪಣೆಯೇ.

6. ಆದ ಕಾರಣ ತೆಗೆದೆ. ಬಾಗಿಲು ನನ್ನ ಹಿಂದೆ ಮೆಲ್ಲಗೆ ಬಂದು ‘ಟಕ್’ ಎಂದು ಕೂತಿತು. ನಿಜ ಹೇಳುತ್ತೇನೆ, ಆ ಸದ್ದು ಕೇಳಿ ನನಗೆ ಖುಷಿಯೇ ಆಯಿತು. ಎಂಥ ಬಾಗಿಲು! ಒಂದು ಬೆರಳು ಸಂದಿಯಿಲ್ಲ. ಒಳಗಿನ ಹಿಡಿ ಮುರಿದು ಎಂಟು ತಿಂಗಳಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ‘ಹಿಡಿ ಕೆಟ್ಟಿದೆ, ಬಾಗಿಲು ಮುಚ್ಚಬೇಡಿ’ ಎಂಬ ಚೀಟಿ ಅಂಟಿಸಿದ್ದು ಉಂಟು. ಅದನ್ನು ಬಾಗಿಲಿನ ಒಳಮೈಗೆ ಅಂಟಿಸಲಾಗಿತ್ತು. ಬಾಗಿಲು ತೆರೆದಿರುವಷ್ಟು ಹೊತ್ತೂ ಆ ಮೈ ಗೋಡೆಗೆ ತಾಗಿಕೊಂಡೇ ಇತ್ತು. ಆದ್ದರಿಂದ ಅದನ್ನು ಓದುವ ಅವಕಾಶ ಸಿಗುವುದು ಒಳಗೆ ಸಿಕ್ಕಿಕೊಂಡ ಮೇಲೆಯೇ.

7. ಎಂಟು ತಿಂಗಳು ಹಿಡಿ ಯಾಕೆ ರಿಪೇರಿಯಾಗಲಿಲ್ಲ ಎಂದು ನಂತರ ತಿಳಿಯಿತು. ಬಾಗಿಲ ಹಿಡಿಯ ಮಾನದಂಡವೇ ಪರಿಷ್ಕರಣೆಯಲ್ಲಿತ್ತಂತೆ. ಐವರು ಸದಸ್ಯರು ಕೆಳಕ್ಕೆ ಒತ್ತುವ ಹಿಡಿ ಬೇಕೆಂದರಂತೆ, ಐವರು ಮುಂದಕ್ಕೆ ತಳ್ಳುವ ಅಡ್ಡಪಟ್ಟಿ ಬೇಕೆಂದರಂತೆ, ಅಧ್ಯಕ್ಷರು ಇನ್ನೂ ಅಧ್ಯಯನ ಮಾಡುತ್ತಿದ್ದರಂತೆ. ಮಾನದಂಡ ಮಾಡುವ ಸಂಘ ಮಾನದಂಡವಿಲ್ಲದ ಹಿಡಿಯನ್ನು ಹೇಗೆ ಹಾಕಿಸೀತು? ಸರಿಯೇ. ಬೇರೆ ಯಾವ ಕಚೇರಿಯಲ್ಲಾದರೂ ಬಡಗಿಯನ್ನು ಕರೆಸಿ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದರು. ಅವರಿಗೆ ತಮ್ಮಷ್ಟು ತಿಳಿವಳಿಕೆ ಇಲ್ಲ.

8. ನಾನು ಒಂದು ಗಂಟೆ ಐವತ್ತು ನಿಮಿಷ ಎಲ್ಲಿದ್ದೆ ಎಂದು ಕೇಳಿದ್ದೀರಿ. ಕೆಳಗೆ ದಾಸ್ತಾನು ಕೊಠಡಿಯ ಮುಂದಿನ ಬೆಂಚಿನ ಮೇಲೆ. ದೋಷವಿರುವ ಸಿಲಿಂಡರನ್ನು ಒಪ್ಪಿಸಿ ಬದಲಿಯನ್ನು ಪಡೆಯಲು ನಾಲ್ಕು ಪ್ರತಿಯ ನಮೂನೆಗೆ ದಾಸ್ತಾನು ಮೇಲ್ವಿಚಾರಕರ ಸಹಿ ಬೇಕು. ನಮೂನೆ ತುಂಬಿದೆ. ಕಾದೆ. ಅವರು ಬರಲಿಲ್ಲ. ಸದರಿ ಮೇಲ್ವಿಚಾರಕರು ಸಮಿತಿಯ ಸದಸ್ಯರೂ ಆಗಿದ್ದು, ಆ ಹೊತ್ತಿನಲ್ಲಿ ಮೂರನೇ ಮಹಡಿಯಲ್ಲಿ ಬಾಗಿಲು ಗುದ್ದುತ್ತಿದ್ದರು ಎಂಬುದು ನನಗೆ ಹೇಗೆ ಗೊತ್ತಾಗಬೇಕು? ಅವರು ನನ್ನಿಂದಾಗಿ ಬರಲಾರದೆ ಇದ್ದರು, ನಾನು ಅವರು ಬಾರದ್ದರಿಂದ ಹೋಗಲಾರದೆ ಇದ್ದೆ.

9. ಗುದ್ದಿದ್ದು ಯಾರಿಗೂ ಕೇಳಲಿಲ್ಲ. ಅದು ಎರಡು ಗಂಟೆ ಬೆಂಕಿ ತಡೆಯುವ ಬಾಗಿಲು, ಅಧ್ಯಕ್ಷರ ಮುಷ್ಟಿ ಅದಕ್ಕೆ ಯಾವ ಲೆಕ್ಕ? ಸಭೆಯಲ್ಲಿ ಯಾರೂ ಮೊಬೈಲು ನೋಡಬಾರದೆಂದು ಎಲ್ಲರ ಫೋನುಗಳನ್ನು ಹೊರಗಿನ ಬುಟ್ಟಿಯಲ್ಲಿ ಇಡಿಸುವ ಪದ್ಧತಿ ಇದೆ. ಹನ್ನೊಂದೂ ಫೋನು ಬುಟ್ಟಿಯಲ್ಲೇ ಕೂತು ಸರದಿಯ ಮೇಲೆ ಗುಂಯ್‌ಗುಡುತ್ತಿದ್ದವು. ಒಳಗಿದ್ದದ್ದು ಇಂಟರ್‌ಕಾಮ್ ಒಂದೇ, ಅದು ಹೋಗುವುದು ಸ್ವಾಗತದ ಮೇಜಿಗೆ. ಆ ಹುಡುಗಿಗೂ ಅಂದೇ ತರಬೇತಿ ಇತ್ತು: ಎರಡರಿಂದ ಐದರವರೆಗೆ ‘ಕಟ್ಟಡದಲ್ಲಿ ಸಿಕ್ಕಿಕೊಂಡವರ ಕರೆ ಸ್ವೀಕರಿಸುವ ಅಭ್ಯಾಸ’. ಸುಳ್ಳು ಕರೆಗಳು ಬರುತ್ತವೆ, ನಿಜವೆಂದೇ ಭಾವಿಸಿ ಮೂರು ವಾಕ್ಯ ಹೇಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಅಭ್ಯಾಸ ಮುಗಿಯುವತನಕ ಕುರ್ಚಿ ಬಿಟ್ಟು ಏಳಬಾರದು ಎಂದು ಅವಳಿಗೆ ಆದೇಶವಾಗಿತ್ತು. ಅವಳೇ ನನಗೆ ಓದಿ ಹೇಳಿದ್ದು:

“ನಾವು ಒಳಗೆ ಸಿಕ್ಕಿಹಾಕ್ಕೊಂಡಿದ್ದೀವಿ!”

“ಗಾಬರಿಯಾಗಬೇಡಿ. ನೆಲಕ್ಕೆ ಹತ್ತಿರವಾಗಿರಿ. ಸಹಾಯ ಬರುತ್ತಿದೆ.”

“ನೆಲ ಯಾಕೆ? ಇಲ್ಲಿ ಹೊಗೆ ಇಲ್ಲ! ಬಾಗಿಲು ತೆಗೆಯಮ್ಮಾ!”

“ಗಾಬರಿಯಾಗಬೇಡಿ. ನೆಲಕ್ಕೆ ಹತ್ತಿರವಾಗಿರಿ...”

“ಲೇ, ನಾನು ಅಧ್ಯಕ್ಷ ಮಾತಾಡ್ತಿರೋದು!”

“ಯಾರೇ ಆಗಿರಿ ಸಾರ್, ನೆಲಕ್ಕೆ ಹತ್ತಿರವಾಗಿರಿ. ತುಂಬಾ ಚೆನ್ನಾಗಿ ಮಾಡ್ತಿದ್ದೀರಾ.”

ಹೀಗೆ ಹದಿನಾಲ್ಕು ಕರೆಗಳು. ಅವಳಿಗೆ ನೂರಕ್ಕೆ ನೂರು ಅಂಕ ಬಂದಿದೆ. ಬರಲೇಬೇಕು. ನಂತರ ಸದಸ್ಯರೊಬ್ಬರು ಮೇಜು ಹತ್ತಿ ಕಿಟಕಿಯ ಗಾಜಿನಿಂದ ಕೈಬೀಸಿದರಂತೆ. ಅಂಗಳದಲ್ಲಿ ಬೆಂಕಿ ಆರಿಸುತ್ತಿದ್ದ ಇಪ್ಪತ್ತಮೂರು ಅಭ್ಯರ್ಥಿಗಳು, ಸಮಿತಿಯವರು ಹುರಿದುಂಬಿಸುತ್ತಿದ್ದಾರೆ ಎಂದು ತಿಳಿದು ಒಟ್ಟಿಗೆ ಕೈಬೀಸಿದರಂತೆ. ತರಬೇತುದಾರರು ಸಲ್ಯೂಟ್ ಸಹ ಹೊಡೆದರಂತೆ. ಸೊಂಟ ಉಳುಕಿದ್ದು ಮೇಜಿನಿಂದ ಇಳಿಯುವಾಗ.

10. ಬೆಂಚಿನ ಮೇಲೆ ಕೂತು ಕೂತು ಸಾಕಾಗಿ, ಮೇಲ್ವಿಚಾರಕರು ಎಲ್ಲಿ ಹೋದರು ಎಂದು ಹುಡುಕಿಕೊಂಡು ಮೇಲೆ ಬಂದವಳು ನಾನೇ. ಬುಟ್ಟಿಯ ಗುಂಯ್‌ಗುಟ್ಟುವಿಕೆ ಕೇಳಿ ಬಾಗಿಲು ತೆರೆದವಳೂ ನಾನೇ. ಹೊರಗಿನ ಹಿಡಿ ಚೆನ್ನಾಗಿತ್ತು, ಒಂದು ಕ್ಷಣ ಸಾಕಾಯಿತು. ಒಳಗೆ ನೀರಿನ ಹೂಜಿ ಖಾಲಿ, ಟೈಗಳೆಲ್ಲ ಸಡಿಲ, ಇಬ್ಬರು ನಿಜವಾಗಿಯೂ ನೆಲದ ಮೇಲೆ ಕುಳಿತಿದ್ದರು. ಎಲ್ಲರಿಗಿಂತ ಹಿರಿಯ ಸದಸ್ಯರು ಕುರ್ಚಿಯಲ್ಲಿ ಸುಖವಾಗಿ ನಿದ್ದೆ ಹೋಗಿದ್ದರು. ಅವರನ್ನು ಎಬ್ಬಿಸಿದಾಗ, “ಮುಗೀತಾ? ಏನು ತೀರ್ಮಾನ ಆಯ್ತು?” ಎಂದು ಕೇಳಿದರು.

ಅಧ್ಯಕ್ಷರು ಮಾತ್ರ ಕೆಂಪಗಾಗಿದ್ದರು. “ಆ ಸಿಲಿಂಡರ್ ತೆಗೆದವರು ಯಾರು?”

“ನಾನು ಸಾರ್. ಕೆಂಪು ಚೀಟಿ ಕಟ್ಟಿದ್ದೀನಿ. ನಮೂನೆ ನಾಲ್ಕು ಪ್ರತಿ ಇದೆ, ಸಹಿ ಒಂದು ಬಾಕಿ.”

“ಮೊದಲು ಯಾವುದಾದ್ರೂ ಒಂದು ಸಿಲಿಂಡರ್ ತಂದು ಈ ಬಾಗಿಲಿಗೆ ಅಡ್ಡ ಇಡಿ!”

“7.6ರಲ್ಲಿ ಇಡಬಾರದು ಅಂತಿದೆ ಸಾರ್.”

“7.6 ಬರೆದವನೇ ನಾನು ಕಣಮ್ಮಾ!”

“ಅದಕ್ಕೇ ಸಾರ್ ಅಷ್ಟು ಚೆನ್ನಾಗಿದೆ.”

ಈ ಕೊನೆಯ ಮಾತನ್ನು ತಮ್ಮ ಪತ್ರದಲ್ಲಿ ‘ಉದ್ಧಟತನ’ ಎಂದು ದಾಖಲಿಸಲಾಗಿದೆ. ಅದು ಮೆಚ್ಚುಗೆ. ನನ್ನ ಸೊಸೆ ಅದನ್ನು ಓದಿ, “ಅತ್ತೆ, ನೀವು ಹೇಳೋ ಮೆಚ್ಚುಗೆ ಯಾರಿಗೂ ಮೆಚ್ಚುಗೆ ಥರ ಕೇಳಿಸಲ್ಲ,” ಎಂದಳು. ಇದ್ದರೂ ಇರಬಹುದು.

11. ಇನ್ನು ಮುಖ್ಯ ವಿಷಯ. ‘ಕಂಡೂ ಕಾಣದಂತೆ ಹೋಗಬಹುದಿತ್ತಲ್ಲ, ಬೇರೆ ಸಿಲಿಂಡರ್ ಸಿಗಲಿಲ್ಲವೇ?’ ಎಂದು ತಾವು ಕೇಳಿದ್ದೀರಿ. ಹಾಗೆ ಒಮ್ಮೆ ಹೋಗಿದ್ದೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಉಡುಪು ಕಾರ್ಖಾನೆಯಲ್ಲಿ. ನಲವತ್ತು ಸಿಲಿಂಡರುಗಳಿದ್ದವು, ಮೂವತ್ತೊಂಬತ್ತನ್ನು ಎತ್ತಿದೆ. ಕೊನೆಯದು ಬಟ್ಟೆ ಗಂಟುಗಳ ಹಿಂದಿತ್ತು. ಕೈ ಸೋತಿತ್ತು. ಎತ್ತದೆ ಸಹಿ ಹಾಕಿದೆ. ಒಂದು ತಿಂಗಳಿಗೆ ಅದೇ ಮೂಲೆಯಲ್ಲಿ ಚಿಂದಿಗೆ ಬೆಂಕಿ ಹತ್ತಿತು. ಹೊಲಿಗೆಯವಳೊಬ್ಬಳು ನನ್ನ ಸಹಿ ನಂಬಿ ಅದೇ ಸಿಲಿಂಡರ್ ಹಿಡಿದು ಒತ್ತಿದಳು. ‘ಫುಸ್’ ಎಂದಿತು, ಅಷ್ಟೇ. ಒದ್ದೆ ಗೋಣಿಯಿಂದ ಬಡಿದು ಆರಿಸಿದಳು. ಎಡಗೈ ಮೊಣಕೈವರೆಗೆ ಬೆಂದಿತು.

ನಾನು ಅವಳ ಮನೆಗೆ ಹೋಗಿ ನಿಜ ಹೇಳಿದೆ. ಬೈದಳು. ಬೈಯಲಿ ಎಂದೇ ಮಾರನೇ ದಿನವೂ ಹೋದೆ. ಕೈ ವಾಸಿಯಾಗುವವರೆಗೆ ಅವಳ ಮನೆಯ ಪಾತ್ರೆ ತೊಳೆದೆ, ಅವಳ ಪುಟ್ಟ ಮಗಳ ತಲೆ ಬಾಚಿದೆ. ಆ ಮಗಳೇ ಈಗ ಇದನ್ನು ಟೈಪು ಮಾಡುತ್ತಿರುವ ನನ್ನ ಸೊಸೆ. ಹೊಲಿಗೆಯವಳು ನನ್ನ ಬೀಗಿತ್ತಿ. ಇಗೋ, ಪಕ್ಕದಲ್ಲೇ ಕೂತು, “ಬರೆಸು, ಬರೆಸು. ನಿನ್ನ ಡಬ್ಬಿ ಕೈಕೊಟ್ಟಿದ್ದಕ್ಕೇ ನನಗೆ ಒಳ್ಳೇ ಅಳಿಯ ಸಿಕ್ಕಿದ್ದು ಅಂತ ಅದನ್ನೂ ಬರೆಸು,” ಎನ್ನುತ್ತಿದ್ದಾಳೆ. ನಗುತ್ತಾಳೆ. ಆದರೆ ಆ ಎಡಗೈಯ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಅವಳು ಲೋಟ ಹಿಡಿದಾಗಲೆಲ್ಲ ನನಗೆ ಕಾಣುತ್ತದೆ. ಆ ಕಾರಣ, ಕಣ್ಣಿಗೆ ಬಿದ್ದ ಕೆಟ್ಟ ಸಿಲಿಂಡರನ್ನು ಬಿಟ್ಟು ಮುಂದೆ ಹೋಗುವುದು ನನ್ನ ಕೈಯಲ್ಲಾಗುವುದಿಲ್ಲ, ಅದು ಯಾರ ಬಾಗಿಲಲ್ಲಿದ್ದರೂ.

12. ನನ್ನ ತಪ್ಪೂ ಇದೆ. ಯಾವುದನ್ನೇ ತೆಗೆಯುವ ಮುನ್ನ ಅದು ಏನನ್ನು ಹಿಡಿದು ನಿಂತಿದೆ ಎಂದು ನೋಡಬೇಕಿತ್ತು, ನೋಡಲಿಲ್ಲ. ಅದಕ್ಕಾಗಿ ಹನ್ನೊಂದು ಮಂದಿಯ ಕ್ಷಮೆ ಕೇಳುತ್ತೇನೆ. ನಿದ್ದೆ ಕೆಡಿಸಿದ್ದಕ್ಕೆ ಹಿರಿಯ ಸದಸ್ಯರ ಕ್ಷಮೆಯನ್ನು ಪ್ರತ್ಯೇಕವಾಗಿ ಕೇಳುತ್ತೇನೆ.

13. ಆದರೂ, ಎಂಟು ತಿಂಗಳಲ್ಲಿ ಹತ್ತೊಂಬತ್ತು ಸಭೆ ಸೇರಿ ಆಗದಿದ್ದ ಹಿಡಿಯ ತೀರ್ಮಾನ ಅಂದು ಮಧ್ಯಾಹ್ನ ಮೂರೂ ನಲವತ್ತಕ್ಕೆ, ಬಾಗಿಲು ಮುಚ್ಚಿದ್ದಾಗಲೇ, ಸರ್ವಾನುಮತದಿಂದ ಆಯಿತು ಎಂಬುದನ್ನು ಗಮನಕ್ಕೆ ತರಬಯಸುತ್ತೇನೆ. ‘ತೆರೆಯುವಂಥ ಯಾವುದಾದರೂ ಹಿಡಿಯನ್ನು ಈ ಕೂಡಲೇ ಹಾಕತಕ್ಕದ್ದು’ ಎಂಬ ನಿರ್ಣಯವನ್ನು ಅಧ್ಯಕ್ಷರು ಕೈ ಒರೆಸುವ ಕಾಗದದ ಮೇಲೆ ಬರೆದು, ಬಾಗಿಲಿನ ಕೆಳಗಿನಿಂದ ತಳ್ಳಲು ನೋಡಿದರಂತೆ. ಸಂದಿ ಇಲ್ಲದ ಕಾರಣ ಅದು ಹೊರಗೆ ಬರಲಿಲ್ಲ. ನಾನು ಓದಿದ ಮಾನದಂಡಗಳಲ್ಲಿ ಇಷ್ಟು ಬೇಗ ಅರ್ಥವಾದದ್ದು ಇದೊಂದೇ. ಮಾರನೇ ದಿನ ಬಡಗಿ ಬಂದು ಹಿಡಿ ಹಾಕಿದ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳನ್ನು ಪರಿಶೀಲಿಸಿ, ಈ ತಿಂಗಳು ಮುಗಿಯುವುದರೊಳಗೆ ನನ್ನ ಪ್ರಮಾಣಪತ್ರವನ್ನು ಬಿಡುಗಡೆ ಮಾಡಬೇಕಾಗಿ ಕೇಳಿಕೊಳ್ಳುತ್ತೇನೆ. ಒಂದನೇ ತಾರೀಖು ಶಾಲೆಯ ಸರದಿ, ಐವತ್ತೆರಡು ಸಿಲಿಂಡರುಗಳಿವೆ. ಯಾರಾದರೂ ಅವನ್ನು ಎತ್ತಿಯೇ ಸಹಿ ಹಾಕಬೇಕು.

ತಮ್ಮನ್ನು ಹೊರಗೆ ಬಿಟ್ಟವಳೂ ತಮ್ಮ ವಿಶ್ವಾಸಿಯೂ ಆದ,
ಕ್ರಮಸಂಖ್ಯೆ 24
(ಸಹಿ, ಎತ್ತಿ ನೋಡಿಯೇ ಹಾಕಿದ್ದು)

ಲಗತ್ತುಗಳು:
1. ನಾಲ್ಕು ಪ್ರತಿಯ ನಮೂನೆ. ಮೇಲ್ವಿಚಾರಕರ ಸಹಿ ಇನ್ನೂ ಬಾಕಿ.
2. ಹದಿನಾಲ್ಕು ಕರೆಗಳ ದಾಖಲೆಯ ನಕಲು.
3. ಸಿಲಿಂಡರಿನ ಏಳು ವರ್ಷ ಹಳೆಯ ಚೀಟಿ. ಅದರ ಮೇಲಿನ ಸಹಿ ಯಾರದೆಂದು ನಾನು ಯಾರಿಗೂ ಹೇಳಿಲ್ಲ. ಅಧ್ಯಕ್ಷರು ಒಬ್ಬರೇ ಇದ್ದಾಗ ನೋಡುವುದು ಉತ್ತಮ.
4. ಬೀಗಿತ್ತಿಯ ಶಿಫಾರಸು, ಎಡಗೈ ಬರಹದಲ್ಲಿ.

ವಿಶೇಷ ಕೋರಿಕೆ: ಒಂದು ವೇಳೆ ಪ್ರಮಾಣಪತ್ರ ಕೊಡಲೇಬಾರದೆಂದು ಸಮಿತಿ ತೀರ್ಮಾನಿಸಿದಲ್ಲಿ, ದಯವಿಟ್ಟು ಫೋನಿನಲ್ಲಿ ತಿಳಿಸಬೇಡಿ. ‘ಈಕೆ ಏಳನೇ ಅಧ್ಯಾಯವನ್ನು ನಮ್ಮ ಬಾಗಿಲಿನಲ್ಲೇ ಪಾಲಿಸಿದ ಕಾರಣ ನಿರಾಕರಿಸಲಾಗಿದೆ’ ಎಂದು ದಪ್ಪ ಕಾಗದದ ಮೇಲೆ, ಸಂಘದ ಮುದ್ರೆ ಮತ್ತು ಹನ್ನೊಂದು ಸಹಿಗಳೊಂದಿಗೆ ಬರೆದುಕೊಡಬೇಕು. ಪ್ರಮಾಣಪತ್ರದ ಅಳತೆಯಲ್ಲೇ ಇರಲಿ. ಗಾಜಿನ ಚೌಕಟ್ಟನ್ನು ಅಂಗಡಿಯ ಗೋಡೆಗೆ ಆಗಲೇ ಹೊಡೆಸಿದ್ದೇನೆ. ಗಿರಾಕಿಗಳಿಗೆ ಎರಡರಲ್ಲಿ ಯಾವುದಾದರೂ ಆದೀತು.